ಬೂತಿನ ಮುಂದಿನ ಕೆಂಪು ಬಕೆಟ್

2005ರ ಮಳೆಗಾಲದಲ್ಲಿ ಕಳಸ ರಸ್ತೆಯ ತಿರುವಿನಲ್ಲಿದ್ದ ಎಸ್‌ಟಿಡಿ ಬೂತಿನ ಫೋನು ಸತ್ತಿತು. ಮತ್ತೆ ದುರಸ್ತಿಯಾಗಲಿಲ್ಲ.

ಬೂತು ನಡೆಸುತ್ತಿದ್ದ ಅಕ್ಕನ ಎಡ ಭುಜ ಬಲ ಭುಜಕ್ಕಿಂತ ಮೇಲಿತ್ತು. ರಿಸೀವರನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು, ಎರಡೂ ಕೈಯಲ್ಲಿ ಎಲೆಯಡಿಕೆ ಮಡಿಸುತ್ತ ಮಾತಾಡಿ ಮಾತಾಡಿ ಅದು ಹಾಗೇ ನಿಂತುಬಿಟ್ಟಿತ್ತು. ಪತ್ರಿಕೆಯ ವರದಿಗಾರನಾಗಿದ್ದ ನಾನು ವರದಿಗಳನ್ನು ಫೋನಿನಲ್ಲಿ ಓದಿ ಹೇಳುತ್ತಿದ್ದುದು ಅಲ್ಲಿಂದಲೇ. ಮಂತ್ರಿಗಳ ಭಾಷಣ ಓದುವಾಗ, "ಸಾಕು ಮಾರಾಯ, ಆ ಸುಳ್ಳಿಗೆ ಎಸ್‌ಟಿಡಿ ಚಾರ್ಜ್ ಬೇರೆ!" ಎನ್ನುತ್ತಿದ್ದರು ಅಕ್ಕ.

ಮೊಬೈಲ್ ಇಲ್ಲದ ಆ ಕಾಲದಲ್ಲಿ ಗುಡ್ಡದ ಮೇಲಿನ ಕಾಫಿ ಎಸ್ಟೇಟಿಗೆ ಇದ್ದದ್ದು ಒಂದೇ ಫೋನು, ಸಾಹುಕಾರರ ಬಂಗಲೆಯಲ್ಲಿ. ಕೆಳಗಿನ ಕಾರ್ಮಿಕರ ಸಾಲುಮನೆಗಳಿಗೆ 'ಲೈನು' ಎಂದು ಹೆಸರು. ಅಲ್ಲಿದ್ದ ಹೆಂಗಸೊಬ್ಬಳ ತಾಯಿ ಊರಲ್ಲಿ ತೀರಿಕೊಂಡಾಗ ಅವಳ ಅಣ್ಣ ಬಂಗಲೆಗೆ ಫೋನು ಮಾಡಿದ. ಕೊಯ್ಲಿನ ಕಾಲ. ಕೆಲಸ ಬಿಟ್ಟು ಹೊರಟಾಳೆಂದು ಸಾಹುಕಾರರು ಸುದ್ದಿಯನ್ನು ಸಂಜೆಯವರೆಗೆ ಇಟ್ಟುಕೊಂಡರು. ಅವಳು ಊರು ಮುಟ್ಟುವಾಗ ಮಣ್ಣು ಮುಗಿದಿತ್ತು.

ಅವಳು ವಾಪಸು ಬಂದು ಹೇಳಿದ್ದೇ ತಡ, ಅಕ್ಕ ಬಂಗಲೆಯ ನಂಬರು ಒತ್ತಿದರು. ನಾನು ಅಲ್ಲೇ ಇದ್ದೆ.

"ಸಾಹುಕಾರ್ರೇ, ನಿಮ್ಮನೆ ಸಾವಿನ ಸುದ್ದಿನೂ ಹಿಂಗೇ ಕಾಫಿ ಕೊಯ್ದು ಮುಗಿಸಿ ಕೇಳ್ತೀರಾ?"

ಆ ಕಡೆಯಿಂದ ಏನೋ ಗದರಿಕೆ.

"ನಾನ್ಯಾರಾ? ಇನ್ಮೇಲೆ ನಿಮ್ಮ ಲೈನಿನವ್ರ ಫೋನು ನಂದು. ಇಡ್ರೀ!"

ಅಂದಿನಿಂದ ಲೈನಿನವರೆಲ್ಲ ತಮ್ಮ ಊರುಗಳಿಗೆ ಬೂತಿನ ನಂಬರು ಕೊಟ್ಟರು. ಸುದ್ದಿ ಬಂದರೆ ಅಕ್ಕ ಬೂತಿನ ಮುಂದಿನ ಕಂಬಕ್ಕೆ ಕೆಂಪು ಬಕೆಟ್ ನೇತುಹಾಕುತ್ತಿದ್ದರು. ಬಕೆಟ್ ಕಂಡರೆ ಗುಡ್ಡ ಹತ್ತುವ ಜೀಪು ನಿಲ್ಲಲೇಬೇಕು. ಡ್ರೈವರ್ ಸುದ್ದಿಯನ್ನು ಲೈನಿಗೇ ಹೋಗಿ ಹೇಳಬೇಕು. "ಗೇಟಲ್ಲಿ ಹೇಳಿ ಬಂದ್ಯೋ, ನಾಳೆ ನಿನ್ನ ಹೆಂಡ್ತಿ ಫೋನು ನಂಗೆ ಕೇಳ್ಸಲ್ಲ ನೋಡು."

ಆಮೇಲೆ ಮೊಬೈಲ್ ಟವರ್ ಬಂತು, ಬಂಗಲೆಯ ಹಿಂದಿನ ದಿಣ್ಣೆಗೆ. ಬಾಡಿಗೆ ಸಾಹುಕಾರರಿಗೆ, ಸಿಗ್ನಲ್ಲೂ ಅವರ ಜಗಲಿಗೆ. ಕಣಿವೆಯ ಲೈನಿಗೆ ಒಂದು ಕಡ್ಡಿಯೂ ಇಲ್ಲ. ನಮ್ಮ ಪತ್ರಿಕೆ ಇಡೀ ಪುಟ 'ಸಂಪರ್ಕ ಕ್ರಾಂತಿ' ಎಂದು ಬರೆಯಿತು. ಲೈನಿನ ಬಗ್ಗೆ ನಾನು ಕಳಿಸಿದ ಸಾಲುಗಳು ಆ ಪುಟದಲ್ಲಿರಲಿಲ್ಲ. ಆ ಜಾಗದಲ್ಲಿ ಮೊಬೈಲಿನ ಜಾಹೀರಾತಿತ್ತು.

ಬೂತಿನ ಫೋನು ಸತ್ತಾಗ ಟೆಲಿಫೋನ್ ಆಫೀಸಿಗೆ ದೂರು ಕೊಡಲು ಹೋದ ಅಕ್ಕನಿಗೆ ಸಿಕ್ಕ ಉತ್ತರ: "ಈಗ ಎಲ್ಲರ ಹತ್ರಾನೂ ಮೊಬೈಲ್ ಇದೆಯಲ್ಲ ಅಕ್ಕ."

"ಎಲ್ಲರೂ ಅಂದ್ರೆ ಯಾರೋ?"



ಮುಂದಿನ ಕೊಯ್ಲಿನ ಹೊತ್ತಿಗೆ, ಒಂದು ಗುರುವಾರ, ಅಕ್ಕ ತೀರಿಕೊಂಡರು. ಸುದ್ದಿ ನನಗೆ ಮೊಬೈಲಿನಲ್ಲಿ ಬಂತು, ಬಂಗಲೆಗೂ ಹಾಗೆಯೇ. ಕಂಬಕ್ಕೆ ಬಕೆಟ್ ಹಾಕಲು ಯಾರಿಗೂ ನೆನಪಾಗಲಿಲ್ಲ. ಜೀಪುಗಳು ನಿಲ್ಲದೆ ಗುಡ್ಡ ಹತ್ತಿದವು.

ತಾಯಿಯ ಮುಖ ನೋಡಲಾಗದಿದ್ದ ಆ ಹೆಂಗಸಿಗೆ ವಿಷಯ ತಿಳಿದದ್ದು ಭಾನುವಾರ, ಸಂತೆಗೆ ಇಳಿದಾಗ. ಅಕ್ಕನ ದಹನ ಗುರುವಾರವೇ ಆಗಿತ್ತು.