ಎಡಗಿವಿಯೋ, ಬಲಗಿವಿಯೋ

ಮೂರು ವರ್ಷದ ಹಿಂದಿನ ಬೇಸಿಗೆ. ಕಲಬುರಗಿಯ ಗಾಜಿಪುರದಲ್ಲಿ ನಾನು ಫಿಸಿಯೋಥೆರಪಿ ಕ್ಲಿನಿಕ್ ನಡೆಸುತ್ತಿದ್ದೆ. ವೃತ್ತಿಗೆ ಬಂದು ಹದಿನಾಲ್ಕು ವರ್ಷವಾಗಿತ್ತು. ಒಂದು ಬೆಳಿಗ್ಗೆ ಕಮಲಾಪುರದ ಅಂಬಾರಾಯರು ಹೆಂಡತಿ ಸುಭದ್ರಾಬಾಯಿಯ ಹೆಗಲು ಹಿಡಿದು ಒಳಗೆ ಬಂದರು. ಮನೆಗಳಿಗೆ ಬಣ್ಣ ಹಚ್ಚುವುದು ಅವರ ಕೆಲಸ. ಹತ್ತು ದಿನದಿಂದ ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದರೆ ಸಾಕು, ಕೋಣೆ ಗಿರಗಿರ ತಿರುಗುತ್ತಿತ್ತು. ಏಣಿ ಹತ್ತುವುದು ನಿಂತಿತ್ತು. ಕಿವಿಯ ಡಾಕ್ಟರು ಬೇರೆ ಕಾಯಿಲೆಯಿಲ್ಲವೆಂದು ಖಚಿತಪಡಿಸಿಕೊಂಡು ನನ್ನಲ್ಲಿಗೆ ಕಳಿಸಿದ್ದರು.

ಒಳಕಿವಿಯಲ್ಲಿ ಸುಣ್ಣದ ಸಣ್ಣ ಹರಳುಗಳಿರುತ್ತವೆ. ಅವು ಜಾಗ ಬಿಟ್ಟು ಪಕ್ಕದ ನಾಳಕ್ಕೆ ಜಾರಿದರೆ ಹೀಗೆ ತಲೆ ತಿರುಗುತ್ತದೆ. ಯಾವ ಕಿವಿಯೆಂದು ತಿಳಿದರೆ ತಲೆಯನ್ನು ಹಂತ ಹಂತವಾಗಿ ಹೊರಳಿಸಿ ಅವನ್ನು ಹಿಂದಕ್ಕೆ ಕಳಿಸಬಹುದು. ಯಾವ ಕಡೆ ಹೊರಳಿಸಿದಾಗ ಕಣ್ಣುಗುಡ್ಡೆ ಹೆಚ್ಚು ಜೋರಾಗಿ ಓಡುತ್ತದೋ ಆ ಕಡೆಯ ಕಿವಿಯಲ್ಲಿ ತೊಂದರೆ. ಮಲಗಿಸಿ ಪರೀಕ್ಷಿಸಿದೆ. ಎಡಕ್ಕೆ ಹೊರಳಿಸಿದಾಗ ಕಣ್ಣುಗುಡ್ಡೆ ಪಟಪಟನೆ ಅಡ್ಡಡ್ಡ ಓಡಿತು. ಬಲಕ್ಕೆ ಹೊರಳಿಸಿದಾಗ ಹೆದರಿ ಕಣ್ಣು ಬಿಗಿಯಾಗಿ ಮುಚ್ಚಿಕೊಂಡರು. ಎಡಗಿವಿಯೇ ಎಂದು ತೀರ್ಮಾನಿಸಿ ಚಿಕಿತ್ಸೆ ಮಾಡಿದೆ.

ಮೂರನೇ ದಿನ ಮರಳಿ ಬಂದರು. ಚೂರೂ ಕಡಿಮೆಯಾಗಿರಲಿಲ್ಲ, ಬಸ್ಸಿನಲ್ಲಿ ವಾಂತಿಯೂ ಆಗಿತ್ತು. ಮತ್ತೆ ಅದೇ ಚಿಕಿತ್ಸೆ ಮಾಡಿದೆ, ಮತ್ತೆ ಅದೇ ಫಲ. ಪುಸ್ತಕ ತೆಗೆದು ನೋಡಿದೆ. ಹಂತಗಳೆಲ್ಲ ಸರಿಯಿದ್ದವು. ಎಲ್ಲಿ ತಪ್ಪುತ್ತಿದೆ ಎಂಬುದೇ ಹೊಳೆಯಲಿಲ್ಲ. ಮೂರನೇ ಸಲ ಬಂದಾಗ ಮುಚ್ಚಿಡಲಿಲ್ಲ.

“ಯಾವ ಕಿವಿ ಅನ್ನೋದು ನನಗ ಖರೇನ ತಿಳೀವಲ್ದು ನೋಡ್ರಿ,” ಎಂದೆ.

“ನಿಮಗ ತಿಳೀವಲ್ದು ಅಂದ್ರ ನಾ ಏನ್ ಮಾಡ್ಲಿರೀ ಮೇಡಮ್?” ಎಂದರು ಅಂಬಾರಾಯರು. “ಏಣಿ ಬಿಟ್ರ ನನಗ ಬ್ಯಾರೆ ಕೆಲಸ ಬರಂಗಿಲ್ಲ.”

ಪಕ್ಕದಲ್ಲಿದ್ದ ಸುಭದ್ರಾಬಾಯಿ ಮುಂದೆ ಬಂದರು. “ರಾತ್ರಿ ಎಡಕ್ಕ ಹೊಳ್ಳಿದ್ರ ನರಳಿ ಸುಮ್ನಾಗ್ತಾರ್ರೀ. ಬಲಕ್ಕ ಹೊಳ್ಳಿದ್ರ ನನ್ನ ರಟ್ಟಿ ಹಿಡೀತಾರ. ನೋಡ್ರಿ, ಉಗುರು ನಟ್ಟಾವ.” ಸೀರೆಯ ಸೆರಗು ಸರಿಸಿ ತೋಳು ತೋರಿಸಿದರು.

ಆಗ ಮೊದಲ ದಿನ ಮುಚ್ಚಿಕೊಂಡಿದ್ದ ಆ ಕಣ್ಣುಗಳ ನೆನಪಾಯಿತು. ಬಲಕ್ಕೆ ಹೊರಳಿಸಿ, ನನ್ನ ಮೂಗನ್ನೇ ನೋಡಿರೆಂದು ಹೇಳಿ, ರೆಪ್ಪೆಗಳನ್ನು ಬೆರಳಿನಿಂದ ಹಿಡಿದೆ. ಕಣ್ಣುಗುಡ್ಡೆಗಳು ಎಡಗಡೆಗಿಂತ ಎಷ್ಟೋ ಜೋರಾಗಿ ಓಡಿದವು. ತಪ್ಪಿದ್ದೆಲ್ಲಿ ಎಂದು ತಿಳಿಯಿತು: ಹರಳು ಜಾರಿದ್ದು ಬಲಗಿವಿಯಲ್ಲಿ. ಹೊರಳಿಸಬೇಕಾದದ್ದು ತೊಂದರೆಯಿರುವ ಕಿವಿಯ ವಿರುದ್ಧ ದಿಕ್ಕಿಗೆ; ಈ ಸಲ ಅವರನ್ನು ಎಡಕ್ಕೆ ಹೊರಳಿಸುತ್ತ, ಹಂತ ಹಂತವಾಗಿ ಪೂರ್ತಿ ಒಂದು ಸುತ್ತು ಹಾಕಿಸಿದೆ.

ಎದ್ದು ಕುಳಿತ ಅಂಬಾರಾಯರು ಬಹಳ ಹೊತ್ತು ಗೋಡೆ ನೋಡಿದರು. “ಖರೇನ ನಿಂತದೇನ್ರೀ, ಇಲ್ಲಾ ನನಗ ಹಂಗ ಅನಸಾಕತ್ತದ?”

ನನಗೂ ಖಾತ್ರಿಯಿರಲಿಲ್ಲ. ಒಂದು ವಾರ ಏಣಿ ಹತ್ತಬೇಡಿ ಎಂದು ಕಳಿಸಿದೆ. ವಾರದ ನಂತರ ಮತ್ತೆ ಪರೀಕ್ಷಿಸಿದಾಗ ಎರಡೂ ಕಡೆ ಕಣ್ಣು ಅಲುಗಲಿಲ್ಲ. ಅವರು ಕೆಲಸಕ್ಕೆ ಮರಳಿದರು.

ಆ ಕೊನೆಯ ಪರೀಕ್ಷೆಯ ಸಂಜೆ ಅವರ ಮೊದಲ ದಿನದ ಕೇಸ್ ಪೇಪರ್ ತೆಗೆದು ನೋಡಿದೆ. ‘ಬಲಗಡೆ’ ಎಂಬುದರ ಮುಂದೆ ‘ಏನೂ ಇಲ್ಲ’ ಎಂದು ನನ್ನದೇ ಅಕ್ಷರದಲ್ಲಿತ್ತು. ನಾನು ಬರೆಯಬೇಕಾಗಿದ್ದದ್ದು ‘ನೋಡಲಾಗಲಿಲ್ಲ’ ಎಂದು.