ಓಬೆಂಗ್ ಮಾಸ್ಟರರ ಕಿವಿ

ಬ್ರೇಕು ಕಿರುಚುವ ಗಾಡಿ ಬಂದರೆ ಕುಮಾಸಿ ಊರಿನ ಗ್ಯಾರೇಜುಗಳ ಪೇಟೆ ಸುವಾಮೆಯ ಆ ಓಣಿಯಲ್ಲಿ ಯಾರೂ ಮೊದಲು ಜಾಕ್ ಹುಡುಕುತ್ತಿರಲಿಲ್ಲ, ಓಬೆಂಗ್ ಮಾಸ್ಟರನ್ನು ಹುಡುಕುತ್ತಿದ್ದರು. ಮಾಸ್ಟರು ಕೈ ಒರೆಸಿಕೊಂಡು ಬಂದು ಬೇವಿನ ಮರದ ಕೆಳಗೆ ನಿಂತು ಕಣ್ಣು ಮುಚ್ಚುವರು. ಡ್ರೈವರು ಓಣಿಯ ತುದಿಯಿಂದ ಗಾಡಿಯನ್ನು ಮೆಲ್ಲಗೆ ತಂದು ಅವರೆದುರು ಬ್ರೇಕು ಒತ್ತಬೇಕು. ಒಂದು ಸಲ ಸಾಕು.

“ಮುಂದಿನ ಎಡಗಾಲಿ. ಒಳಗಿನ ಪ್ಯಾಡು ಕಾದು ಗಾಜಿನ ಹಾಗಾಗಿದೆ. ಉಜ್ಜಿ, ಅಂಚು ಸವರಿ ಹಾಕ್ರಿ.”

ಗಾಲಿ ಒಂದು ಸುತ್ತಿಗೆ ಒಮ್ಮೆ ಕೀ ಅಂದರೆ ಗಾಲಿಯ ಜೊತೆ ತಿರುಗುವ ಬ್ರೇಕಿನ ತಟ್ಟೆಗೂ ಅದರ ಹಿಂದಿನ ತಗಡಿಗೂ ನಡುವೆ ಕಲ್ಲು ಸಿಕ್ಕಿದೆ. ಬೆಳಿಗ್ಗೆ ಮಾತ್ರ ಕಿರುಚಿ ಆಮೇಲೆ ಸುಮ್ಮನಾದರೆ ರಾತ್ರಿಯ ತುಕ್ಕು, ಅದನ್ನು ಮುಟ್ಟಬೇಡಿ. ಸುಮ್ಮನೆ ಉರುಳುವಾಗ ಸಣ್ಣಗೆ ಕೂಗಿ, ಬ್ರೇಕು ಒತ್ತಿದಾಗ ನಿಂತರೆ ಅದು ನಾಲಿಗೆ. ಪ್ಯಾಡಿನ ಅಂಚಿಗೆ ಒಂದು ತಗಡಿನ ನಾಲಿಗೆ ಇರುತ್ತದೆ. ಪ್ಯಾಡು ಸವೆದು ತೆಳ್ಳಗಾದಾಗ ಅದು ತಟ್ಟೆಗೆ ತಾಗಿ ಕೂಗಿಕೊಳ್ಳುತ್ತದೆ. “ಉಳಿದವು ನರಳಾಟ, ಇದೊಂದು ಮಾತ್ರ ಮಾತು” ಎನ್ನುತ್ತಿದ್ದರು ಮಾಸ್ಟರು.

ಇದನ್ನೆಲ್ಲ ಟಾವಿಯಾ ಅವರಿಂದಲೇ ಕಲಿತಿದ್ದ. ಅವನ ಕಲಿಕೆ ಮುಗಿದು ಆರು ವರ್ಷವಾಗಿತ್ತು. ಕಲಿಕೆಯಿಂದ ಬಿಡುಗಡೆಯಾದ ದಿನ ಹಿರಿಯರು ನೆಲಕ್ಕೆ ಮದ್ಯ ಸುರಿದು ಹರಸಿದ್ದರು, ಓಣಿಯವರು ಸಂಭ್ರಮಕ್ಕೆ ತಲೆಯ ಮೇಲೆ ಪೌಡರು ಸುರಿದಿದ್ದರು, ಅವನ ತಾಯಿ ಆ ಬಿಳಿ ಮುಖದ ಫೋಟೋವನ್ನು ಗೋಡೆಗೆ ಹಾಕಿದ್ದಳು. ಮರುದಿನವೇ ಮಗ ಸ್ವಂತ ಗ್ಯಾರೇಜು ತೆರೆಯುತ್ತಾನೆ ಎಂದು ಅವಳು ನಂಬಿದ್ದಳು. ಮರುದಿನ ಮಗ ಅದೇ ಮಾಸ್ಟರ ಬಳಿ ದಿನಗೂಲಿಗೆ ಸೇರಿದ. ಅವನದೇ ಎನ್ನುವ ಒಂದು ಪೆಟ್ಟಿಗೆಯಿತ್ತು. ಅದಕ್ಕೆ ಬೀಗ ಹಾಕುತ್ತಿದ್ದದ್ದು ಕಳ್ಳರ ಭಯಕ್ಕಲ್ಲ, ಒಳಗೆ ಎರಡೇ ಸ್ಪ್ಯಾನರು ಇರುವುದು ಹೊರಗಿನವರಿಗೆ ತಿಳಿಯಬಾರದೆಂದು.

ಒಂದು ಬೆಳಿಗ್ಗೆ ಒಂದು ಟ್ಯಾಕ್ಸಿ ಬಂತು. ಬ್ರೇಕಿನ ಕಿರುಚಾಟಕ್ಕೆ ಓಣಿಯ ಕೋಳಿಗಳೆಲ್ಲ ಚೆದುರಿಹೋದವು. ಮಾಸ್ಟರು ಕಣ್ಣು ಮುಚ್ಚಿ ನಿಂತರು.

“ಇನ್ನೊಂದು ಸಲ ತಾ” ಎಂದರು.

ಡ್ರೈವರು ತಂದ. ಮತ್ತೊಮ್ಮೆ ಎಂದರು. ಮೂರನೇ ಸಲಕ್ಕೆ ಅವರು ಕಣ್ಣು ತೆರೆದರು. ಎದುರಿಗೆ ಟಾವಿಯಾ ನಿಂತಿದ್ದ. ಮಾಸ್ಟರ ಕಣ್ಣುಗಳಲ್ಲಿ ಅವನು ಹಿಂದೆಂದೂ ಕಾಣದ ಒಂದು ಹೆದರಿಕೆಯಿತ್ತು. ಮೂವತ್ತೈದು ವರ್ಷ ಪಕ್ಕದಲ್ಲೇ ತಗಡು ಬಡಿಯುವವರ ಸುತ್ತಿಗೆ ಕೇಳಿದ ಕಿವಿ ಅದು. ಮಾತು ಕೇಳುತ್ತಿತ್ತು, ಎಂಜಿನ್ನು ಕೇಳುತ್ತಿತ್ತು, ದಪ್ಪ ದನಿಗಳೆಲ್ಲ ಕೇಳುತ್ತಿದ್ದವು. ಸಣ್ಣ ದನಿ ಒಂದೊಂದಾಗಿ ಬಿಟ್ಟುಹೋಗಿತ್ತು.

ಟಾವಿಯಾ ಹೆಚ್ಚು ಯೋಚಿಸಲಿಲ್ಲ. ಯೋಚಿಸಿದ್ದರೆ ಕೆಡಿಸುತ್ತಿದ್ದ, ಅದು ಅವನ ಅಭ್ಯಾಸ. ಕೈಯಲ್ಲಿದ್ದ ಒರೆಸುವ ಬಟ್ಟೆಯನ್ನು ಬಲಹೆಗಲಿಗೆ ಹಾಕಿಕೊಂಡ.

“ಮುಂದಿನ ಬಲಗಾಲಿ” ಎಂದರು ಮಾಸ್ಟರು.

“ಕಿವಿ ಅಂದ್ರೆ ಇದಪ್ಪಾ” ಎಂದ ಡ್ರೈವರು.

ಅಂದಿನಿಂದ ಅದೇ ನಡೆಯಿತು. ಬಲಹೆಗಲು, ಎಡಹೆಗಲು, ಹಿಂದಿನ ಗಾಲಿಯಾದರೆ ಬಟ್ಟೆ ಸೊಂಟಕ್ಕೆ, ಸದ್ದೇ ಇಲ್ಲದಿದ್ದರೆ ಜೇಬಿನೊಳಗೆ. ಇಬ್ಬರೂ ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ. ಮಾಸ್ಟರು ಈಗ ಕಣ್ಣನ್ನು ಪೂರ್ತಿ ಮುಚ್ಚುತ್ತಿರಲಿಲ್ಲ, ಅಷ್ಟೆ. ಟಾವಿಯಾ ಮಾತ್ರ ಒಳಗೊಳಗೇ ಉಬ್ಬಿಹೋದ. ಸುವಾಮೆಯ ಹೆಸರಾಂತ ಕಿವಿ ತನ್ನ ಹೆಗಲ ಮೇಲಿದೆ ಎಂದುಕೊಂಡು ಕನ್ನಡಿ ಸಿಕ್ಕಿದಲ್ಲೆಲ್ಲ ತನ್ನ ಕಿವಿಯನ್ನೇ ನೋಡಿಕೊಳ್ಳುತ್ತಿದ್ದ. ಅದು ತಟ್ಟೆಯ ಹಾಗೆ ಅಗಲವಾದ, ಚಿಕ್ಕಂದಿನಿಂದ ಎಲ್ಲರ ನಗೆಗೆ ಗುರಿಯಾದ ಕಿವಿ.

ಹೀಗೆ ಎಂಟು ತಿಂಗಳು ಕಳೆದ ಮೇಲೆ ಒಂದು ಶುಕ್ರವಾರ ಸೆರ್ವಾ ಅಮ್ಮ ಬಂದಳು. ಹೊಗೆಯಲ್ಲಿ ಒಣಗಿಸಿದ ಮೀನು ಮಾರುವವಳು, ಗಾಡಿ ತಾನೇ ಓಡಿಸುವವಳು, ಇಪ್ಪತ್ತು ವರ್ಷದ ಗಿರಾಕಿ. ಟಾವಿಯಾನನ್ನು ಕಂಡೊಡನೆ ಶುರುಮಾಡಿದಳು.

“ಏನಯ್ಯಾ, ಇನ್ನೂ ಇಲ್ಲೇ ಇದ್ದೀಯ? ಆವತ್ತು ತಲೆ ಮೇಲೆ ಸುರಿದ ಪೌಡರು ಎಲ್ಲಾ ದಂಡ.”

“ತಲೆ ತೊಳ್ಕೊಂಡ್ನಲ್ಲಮ್ಮ, ಅದಕ್ಕೇ ಹೀಗಾಯ್ತು. ಗಾಡಿಗೇನಾಗಿದೆ?”

“ಕಿರುಚ್ತಿದೆ. ಸತ್ತು ಒಣಗಿದ ಮೀನು ಎದ್ದು ಓಡ್ತಾವೆ, ಹಂಗೆ ಕಿರುಚ್ತಿದೆ. ನಾಳೆ ಸಂತೆ. ಬೇಗ ನೋಡು.”

ಗಾಲಿ ಬಿಚ್ಚಿ ನೋಡಿದ. ಪ್ಯಾಡು ಉಗುರಿನಷ್ಟು ಉಳಿದಿತ್ತು, ನಾಲಿಗೆ ತಟ್ಟೆಗೆ ತಾಗಿತ್ತು. ಆ ಅಳತೆಯ ಪ್ಯಾಡು ಇಡೀ ಬಿಡಿಭಾಗದ ಬೀದಿಯಲ್ಲಿ ಇರಲಿಲ್ಲ, ಸೋಮವಾರ ಬರುತ್ತದೆ ಎಂದರು ಅಂಗಡಿಯವರು. ಸೆರ್ವಾ ಅಮ್ಮ ಸ್ಟೂಲಿನ ಮೇಲೆ ಕೂತು ಕಾಲು ಕುಣಿಸುತ್ತಿದ್ದಳು. ಟಾವಿಯಾ ಇಕ್ಕಳ ತೆಗೆದುಕೊಂಡು ನಾಲಿಗೆಯನ್ನು ಹಿಂದಕ್ಕೆ ಬಗ್ಗಿಸಿದ. ಸುವಾಮೆಯಲ್ಲಿ ದಿನಕ್ಕೆ ಹತ್ತು ಜನ ಮಾಡುವ ಕೆಲಸ. ಮಾಸ್ಟರ ಗ್ಯಾರೇಜಿನಲ್ಲಿ ಮಾತ್ರ ಯಾರೂ ಮಾಡುತ್ತಿರಲಿಲ್ಲ.

“ಇದು ಮೂರು ದಿನಕ್ಕೆ ಮಾತ್ರ ಅಮ್ಮ. ಸೋಮವಾರ ಬನ್ನಿ, ಹೊಸದು ಹಾಕ್ತೀನಿ.”

“ನಿನ್ನ ಸೋಮವಾರ ನಂಗ್ಯಾಕೆ? ಮಾಸ್ಟರು ಕೇಳಿ ಹೇಳ್ಲಿ.”

ಗಾಡಿಯನ್ನು ಓಣಿಯ ತುದಿಗೆ ಒಯ್ದು ತಂದಳು. ಸದ್ದಿರಲಿಲ್ಲ. ಬಟ್ಟೆ ಟಾವಿಯಾನ ಜೇಬಿನಲ್ಲಿತ್ತು. ಮಾಸ್ಟರು ಜೇಬು ನೋಡಿದರು.

“ಬ್ರೇಕು ಚೆನ್ನಾಗಿದೆ ತಾಯಿ. ನಿಶ್ಚಿಂತೆಯಿಂದ ಓಡ್ಸು.”

“ಕೇಳಿದ್ಯಾ?” ಎಂದು ಸೆರ್ವಾ ಅಮ್ಮ ಟಾವಿಯಾನ ಕಡೆ ತಿರುಗಿದಳು. “ಸೋಮವಾರವಂತೆ.”

ಟಾವಿಯಾ ಬಾಯಿ ತೆರೆದ. ಸುತ್ತ ಹತ್ತು ಫಿಟ್ಟರುಗಳು ನಿಂತಿದ್ದರು. ಮಾಸ್ಟರು ಹೇಳಿದ ಮೇಲೆ ಅವರ ಕೈಕೆಳಗಿನವನು ಜನರೆದುರು ‘ಹಾಗಲ್ಲ’ ಎನ್ನುವುದು ಓಣಿಯಲ್ಲಿ ಇಲ್ಲ. ಎಂದರೆ ಇಕ್ಕಳದ ಕಥೆಯೂ ಹೊರಬರುತ್ತದೆ, ಕಿವಿಯ ಕಥೆಯೂ ಹೊರಬರುತ್ತದೆ. ತೆರೆದ ಬಾಯಿಯಲ್ಲಿ ಆಕಳಿಸಿದ. ಸೋಮವಾರ ತಾನೇ ಅವಳ ಅಂಗಡಿಗೆ ಹೋಗಿ ಹೇಳಿದರಾಯಿತು ಎಂದುಕೊಂಡ. ಸೋಮವಾರ ಒಂದು ಲಾರಿಯ ಗೇರುಬಾಕ್ಸು ಬಂತು. ಮಂಗಳವಾರವೂ ಅದೇ. ಗುರುವಾರದ ಹೊತ್ತಿಗೆ ಮರೆತಿದ್ದ. ಇದನ್ನು ಇನ್ನೂ ಚೆನ್ನಾಗಿ ಕಾಣುವಂತೆ ಹೇಳುವ ದಾರಿ ಅವನಿಗೆ ಕೊನೆವರೆಗೂ ಸಿಗಲಿಲ್ಲ. ಮರೆತಿದ್ದ, ಅಷ್ಟೆ.

ಮೂರನೇ ವಾರ ಮಾಂಪಾಂಗ್ ಇಳಿಜಾರಿನಲ್ಲಿ ಸೆರ್ವಾ ಅಮ್ಮನ ಗಾಡಿ ನಿಲ್ಲದೆ ಚರಂಡಿಗೆ ಬಿತ್ತು. ಜನ ಮೊದಲು ಅವಳನ್ನು ಎತ್ತಿದರು, ಆಮೇಲೆ ಮೀನನ್ನು. ಅವಳ ಬಲಗಾಲು ಎರಡು ಕಡೆ ಮುರಿದಿತ್ತು. ಅದೇ ದಾರಿಯಲ್ಲಿ ಬಂದ ಡ್ರೈವರೊಬ್ಬ ಗ್ಯಾರೇಜಿಗೆ ಬಂದು ಹೇಳಿದ: “ಮಾಸ್ಟರು ಚೆನ್ನಾಗಿದೆ ಅಂದ್ರಲ್ಲ ಅಂತ ಒಂದೇ ಸಮ ಅಳ್ತಿದ್ಲು.”

ಮಾಸ್ಟರು ಟಾವಿಯಾನನ್ನು ಹಿಂದಿನ ಟೈರು ರಾಶಿಯ ಹತ್ತಿರ ಕರೆದರು.

“ಆವತ್ತು ಸದ್ದಿತ್ತಾ?”

“ಇರ್ಲಿಲ್ಲ ಮಾಸ್ಟರ್.”

“ನಿಜ ಹೇಳು. ನಂಗೆ ಕೇಳ್ಸಲ್ಲ ಅಂತ ನಿಂಗೆ ಗೊತ್ತು.”

ಎಂಟು ತಿಂಗಳಲ್ಲಿ ಮೊದಲ ಸಲ ಆ ಮಾತು ಹೊರಬಂದಿತ್ತು. ಟಾವಿಯಾ ನೆಲ ನೋಡುತ್ತ ಹೇಳಿದ: “ಸದ್ದಿತ್ತು. ನಾಲಿಗೆ ನಾನೇ ಬಗ್ಗಿಸಿದೆ. ಆಮೇಲೆ ಇರ್ಲಿಲ್ಲ.”

ಮಾಸ್ಟರು ಹೊಡೆಯಲಿಲ್ಲ, ಬೈಯಲೂ ಇಲ್ಲ. ಒಂದು ಟೈರಿನ ಮೇಲೆ ಕೂತರು. “ನಾನೂ ಬಗ್ಗಿ ಟಾರ್ಚು ಹಾಕಿ ನೋಡಲಿಲ್ಲ. ನಿನ್ನ ಜೇಬು ನೋಡ್ದೆ” ಎಂದರು.

ಭಾನುವಾರ ಅವರು ಸೆರ್ವಾ ಅಮ್ಮನ ಮನೆಗೆ ಕ್ಷಮೆ ಬೇಡಲು ಹೋದರು. ಕೈಯಲ್ಲಿ ಮದ್ಯದ ಬಾಟಲಿ, ಪರವಾಗಿ ಮಾತಾಡಲು ಸೀಟು ಹೊಲಿಯುವ ಮುದುಕ, ಹಿಂದೆ ಟಾವಿಯಾ. ಅಲ್ಲಿ ಹೇಳಬೇಕಾದದ್ದನ್ನು ದಾರಿಯುದ್ದಕ್ಕೂ ಅವನು ಬಾಯಿಪಾಠ ಮಾಡಿದ್ದ. ಆದರೆ ಇಂಥ ಕಡೆ ಹಿರಿಯರು ಮಾತಾಡುತ್ತಾರೆ, ಕಿರಿಯವನು ತಲೆ ತಗ್ಗಿಸಿ ಕೂರುತ್ತಾನೆ. ಸೆರ್ವಾ ಅಮ್ಮ ಗೋಡೆಗೊರಗಿ ಕಾಲು ಚಾಚಿ ಕೂತಿದ್ದಳು. ಮಾಸ್ಟರು ಮುದುಕನ ಕಿವಿಯಲ್ಲಿ ಹೇಳಿದರು, ಮುದುಕ ದನಿ ಎತ್ತಿ ಹೇಳಿದ:

“ಓಬೆಂಗ್ ಹೇಳ್ತಾರೆ, ತಪ್ಪು ಅವರದೇ. ಅವರಿಗೆ ಕಿವಿ ಕೇಳ್ಸೋದು ನಿಂತು ವರ್ಷ ಆಯ್ತಂತೆ. ಯಾರಿಗೂ ಹೇಳ್ಲಿಲ್ಲವಂತೆ. ನಾಳೆಯಿಂದ ಮರದ ಕೆಳಗೆ ನಿಲ್ಲಲ್ಲವಂತೆ.”

ಸೆರ್ವಾ ಅಮ್ಮ ಬಾಟಲಿ ತೆಗೆದುಕೊಂಡಳು. ತೆಗೆದುಕೊಳ್ಳದೆ ಇರುವ ಹಾಗಿಲ್ಲ. ಆದರೆ ಮಾಸ್ಟರ ಮುಖ ನೋಡಲಿಲ್ಲ. “ಇಪ್ಪತ್ತು ವರ್ಷ ನಿಮ್ಮ ಮಾತಿನ ಮೇಲೆ ಗಾಡಿ ಓಡ್ಸಿದೀನಿ” ಎಂದಳು.

ಹೊರಗೆ ಬಂದ ಮೇಲೆ ಟಾವಿಯಾ ಕೇಳಿದ, “ಸುಳ್ಳು ಯಾಕೆ ಹೇಳಿದ್ರಿ ಮಾಸ್ಟರ್?”

“ಸುಳ್ಳೆಲ್ಲಿ? ಕೇಳ್ಸಲ್ಲ ಅಲ್ವಾ?” ಎಂದರು. ಸ್ವಲ್ಪ ದೂರ ನಡೆದು, “ನನ್ನ ಕೆಲಸ ಹೇಗೂ ಮುಗೀತು. ನಿಂದು ಇನ್ನೂ ಶುರುವಾಗಿಲ್ಲ. ಇಬ್ಬರ ಹೆಸರೂ ಯಾಕೆ ಕೆಡ್ಬೇಕು?” ಎಂದರು.

ಓಣಿಯಲ್ಲಿ ಸುದ್ದಿ ಒಂದೇ ದಿನದಲ್ಲಿ ಹರಡಿತು. ಕಿವುಡ ಎಷ್ಟು ದಿನ ನಮಗೆ ಮೋಸ ಮಾಡಿದ ಎಂದು, ಯಾರ ಗಾಡಿಯ ವಿಷಯದಲ್ಲಿ ಮಾಸ್ಟರು ಒಮ್ಮೆಯೂ ತಪ್ಪಿರಲಿಲ್ಲವೋ ಆ ಡ್ರೈವರುಗಳೇ ಅಂದರು. ಮಾಸ್ಟರು ಗ್ಯಾರೇಜಿಗೆ ಬರುವುದನ್ನು ಬಿಟ್ಟರು, ಅಲ್ಲಿನ ಕೆಲಸ ಟಾವಿಯಾನ ಮೇಲೆ ಬಿತ್ತು. ಭಾನುವಾರ ಟಾವಿಯಾ ಅವರ ಮನೆಗೆ ಹೋಗುತ್ತಿದ್ದ. “ಈ ವಾರ ಏನೇನು ಬಂತು?” ಎಂದು ಕೇಳುವರು. ಮೊದಮೊದಲು ಮಾತಾಡಿ ಹೇಳಿದರೆ ಸಾಕಿತ್ತು. ಆಮೇಲೆ ಕೂಗಬೇಕಾಯಿತು, ಯಾರ ಗಾಡಿಗೆ ಏನಾಗಿದೆ ಎಂದು ಬೀದಿಯವರಿಗೆಲ್ಲ ತಿಳಿಯುತ್ತಿತ್ತು. ಧೂಳುಗಾಳಿಯ ತಿಂಗಳಲ್ಲಿ ಅವರು ತೀರಿಕೊಂಡರು.

ಶವಸಂಸ್ಕಾರದ ಶನಿವಾರ ಸಾವಿಗೆ ಉಡುವ ಕಪ್ಪು ಕೆಂಪು ಬಟ್ಟೆ ಉಟ್ಟು ಜನ ಬಂದರು. ಸುವಾಮೆಯಲ್ಲಿ ಅಷ್ಟು ವರ್ಷ ದುಡಿದವರಿಗೆ ಅದು ಸಣ್ಣ ಗುಂಪು. ಸೆರ್ವಾ ಅಮ್ಮ ಬರಲಿಲ್ಲ. ಅವಳ ಹೆಸರಿನಲ್ಲಿ ಯಾರೂ ಬರಲಿಲ್ಲ. ಅದನ್ನು ಎಲ್ಲರೂ ಗಮನಿಸಿದರು.

ಎರಡು ತಿಂಗಳ ಮೇಲೆ ಅವಳು ಗ್ಯಾರೇಜಿಗೆ ಬಂದಳು. ಊರುಗೋಲು ಹಿಡಿದು ಇಳಿದಳು, ಗಾಡಿಯ ಮೂತಿಗೆ ಹೊಸ ತಗಡು ಬಂದಿತ್ತು.

“ಮತ್ತೆ ಸಣ್ಣಗೆ ಕೂಗ್ತಿದೆ. ನೀನೇ ಕೇಳಿ ನೋಡು. ನಿಂದು ಎಳೇ ಕಿವಿ, ಆ ಮುದುಕನ ಥರ ನನ್ನ ಕಾಲು ತೆಗೆಯಲ್ಲ.”

ಟಾವಿಯಾ ಸ್ಟೂಲು ಎಳೆದು ಅವಳ ಹತ್ತಿರ ಹಾಕಿದ. ಪಕ್ಕದ ಗ್ಯಾರೇಜಿನ ಇಬ್ಬರು ಫಿಟ್ಟರುಗಳು ಅಲ್ಲೇ ಊಟ ಮಾಡುತ್ತಿದ್ದರು. ಅವರು ಹೋಗಲಿ ಎಂದು ಕಾಯುವ ಮನಸ್ಸಾಯಿತು. ಕಾಯಲಿಲ್ಲ.

“ಆವತ್ತು ಗಾಡೀಲಿ ಸದ್ದಿರ್ಲಿಲ್ಲ ಅಮ್ಮ. ಯಾರ ಕಿವಿಗೂ ಕೇಳ್ತಿರ್ಲಿಲ್ಲ. ಇಕ್ಕಳದಲ್ಲಿ ನಾನೇ ಅದರ ಬಾಯಿ ಮುಚ್ಚಿಸಿದ್ದೆ. ಸೋಮವಾರ ಬನ್ನಿ ಅಂತ ಹೇಳಿ ಮರೆತೂಬಿಟ್ಟೆ.”

ಊಟ ಮಾಡುತ್ತಿದ್ದವರ ಕೈ ನಿಂತಿತು.

“ಮಾಸ್ಟರಿಗೆ ಗೊತ್ತಿತ್ತಾ?” ಎಂದಳು ಸೆರ್ವಾ ಅಮ್ಮ.

“ಗೊತ್ತಿತ್ತು. ಆಮೇಲೆ ಗೊತ್ತಾಯ್ತು. ನಿಮ್ಮನೆಗೆ ಬರೋಕೆ ಮುಂಚೆ.”

ಅವಳು ಊರುಗೋಲನ್ನು ಎತ್ತುತ್ತಾಳೆ, ತನ್ನ ಅಗಲ ಕಿವಿಯ ಮೇಲೇ ಬೀಳುತ್ತದೆ ಎಂದುಕೊಂಡು ಟಾವಿಯಾ ತಲೆ ಬಗ್ಗಿಸಿ ನಿಂತ. ಅವಳು ಎತ್ತಲಿಲ್ಲ. ಸ್ಟೂಲಿನ ಮೇಲೆ ಮೆಲ್ಲಗೆ ಕೂತಳು. ಅವಳ ಮುಖದಲ್ಲಿ ಸಿಟ್ಟಿಗಿಂತ ಬೇರೇನೋ ಇತ್ತು; ಏನನ್ನೋ ಕಳೆದುಕೊಂಡು ಎಲ್ಲಿಟ್ಟೆ ಎಂದು ನೆನಪಿಸಿಕೊಳ್ಳುವವರ ಮುಖ.

“ಸಾವಿಗೆ ಹೋಗ್ಬೇಕಿತ್ತು ನಾನು” ಎಂದಳು. “ಆವತ್ತು ಮನೇಲೇ ಇದ್ದೆ. ಬಟ್ಟೆ ಉಟ್ಟು ಕೂತಿದ್ದೆ, ಗೊತ್ತಾ? ಉಟ್ಟು, ಮತ್ತೆ ಬಿಚ್ಚಿಟ್ಟೆ.”

ಟಾವಿಯಾ ಟಾರ್ಚು ತಂದು ಗಾಲಿಯ ಪಕ್ಕ ಬಗ್ಗಿ ಕೂತ.