ಪೆನ್ಸಿಲ್ ಹಿಡಿಸಿದ ಅಕ್ಕ

ಹೊಸ ಫ್ಲೆಕ್ಸಿಗೆ ಒಂದು ವಾಸನೆ ಇರುತ್ತದೆ. ಬಿಸಿಲಿಗೆ ಕಾದ ಪ್ಲಾಸ್ಟಿಕ್ಕು, ಇನ್ನೂ ಪೂರ್ತಿ ಒಣಗದ ಬಣ್ಣ, ಅದರೊಳಗೆ ಸೀಮೆಎಣ್ಣೆಯಂಥ ಒಂದು ಘಾಟು. ಹೋದ ತಿಂಗಳು ಪಿರಿಯಾಪಟ್ಟಣದ ಕಾಲೇಜೊಂದಕ್ಕೆ ಮಾತಾಡಲು ಹೋಗಿದ್ದೆ. ಕಂಪ್ಯೂಟರ್ ಗ್ರಾಫಿಕ್ಸ್ ಕೆಲಸಕ್ಕೆ ಹೋಗಬೇಕೆನ್ನುವ ಮಕ್ಕಳು ಎಲ್ಲಿಂದ ಶುರು ಮಾಡಬೇಕು ಎಂದು ಹೇಳಲು ಕರೆದಿದ್ದರು. ಗೇಟಿಗೆ ನನ್ನ ಫೋಟೊ ಹಾಕಿದ ಫ್ಲೆಕ್ಸು ಕಟ್ಟಿದ್ದರು. ಅದರ ಕೆಳಗೆ ಹಾದು ಒಳಗೆ ಹೋಗುವಾಗ ಆ ವಾಸನೆ ಮೂಗಿಗೆ ಬಡಿಯಿತು. ಹದಿನೈದು ವರ್ಷದಿಂದ ಅಪ್ಪನನ್ನು ಬಿಟ್ಟರೆ ಯಾರ ಹತ್ತಿರವೂ ಎತ್ತದೆ ಇಟ್ಟಿದ್ದ ಒಬ್ಬರ ನೆನಪು ಅಲ್ಲೇ, ಗೇಟಿನಲ್ಲೇ, ಎದುರಿಗೆ ಬಂದು ನಿಂತಿತು.

ಅವರನ್ನು ನಾನು ಅಕ್ಕ ಎನ್ನುತ್ತಿದ್ದೆ. ನಮ್ಮ ನೆಂಟರೇನಲ್ಲ. ಹುಣಸೂರಿನ ಬಸ್‌ಸ್ಟ್ಯಾಂಡಿನ ಎದುರು, ಬೇಕರಿಯ ಮೇಲಿನ ಮಹಡಿಯಲ್ಲಿ ಅವರ ಅಂಗಡಿ ಇತ್ತು. ಮದುವೆ ಕಾರ್ಡು, ತಿಥಿ ಕಾರ್ಡು, ಚುನಾವಣೆಯ ಬ್ಯಾನರು, ನಾಮಕರಣದ ಫ್ಲೆಕ್ಸು. ಎಲ್ಲದರ ಡಿಸೈನು ಅವರದೇ. ಬೋರ್ಡಿನ ಮೇಲಿದ್ದ ಹೆಸರು ಮಾತ್ರ ಗಂಡನದು. ಮೈಸೂರಿನಲ್ಲಿ ಅಚ್ಚಾಗಿ ಬೆಳಗಿನ ಬಸ್ಸಿಗೆ ಬರುತ್ತಿದ್ದ ಫ್ಲೆಕ್ಸಿನ ಸುರುಳಿಗಳು ಮೂಲೆಯಲ್ಲಿ ಒರಗಿಕೊಂಡಿರುತ್ತಿದ್ದವು. ಆ ಘಾಟಿನ ನಡುವೆಯೇ ನಾನು ಎರಡು ವರ್ಷ ಕೂತಿದ್ದೆ.

ಪಿಯುಸಿ ಮುಗಿದಿತ್ತು. ಕಟ್ಟೆಮಳಲವಾಡಿಯ ನಮ್ಮ ಮನೆಯಲ್ಲಿ ಮುಂದೇನು ಎಂಬ ಮಾತು ನಡೆದಿತ್ತು. ಟೀವಿಯ ಕಾರ್ಟೂನುಗಳನ್ನು ಎಲ್ಲೋ ಒಂದು ಕಡೆ ಜನ ಕೂತು ಮಾಡುತ್ತಾರೆ, ಅದಕ್ಕೆ ಸಂಬಳವೂ ಕೊಡುತ್ತಾರೆ ಎಂದು ಗೊತ್ತಾದ ದಿನದಿಂದ ನನಗೆ ಬೇರೆ ಯೋಚನೆಯೇ ಇರಲಿಲ್ಲ. ಆದರೆ ಅಲ್ಲಿಗೆ ದಾರಿ ಯಾವುದು ಎಂದು ಕೇಳಲು ಊರಲ್ಲಿ ಯಾರಿದ್ದರು? ಬೇಕರಿಯ ಪಕ್ಕದ ಮೆಟ್ಟಿಲಿನ ಬಳಿ ‘ಕಂಪ್ಯೂಟರ್ ಗ್ರಾಫಿಕ್ಸ್ ಕಲಿಸಲಾಗುವುದು’ ಎಂಬ ಚೀಟಿ ಅಂಟಿಸಿದ್ದು ಕಂಡು ಮೇಲೆ ಹತ್ತಿದೆ.

ಮೊದಲ ದಿನ ಅವರು ನನ್ನನ್ನು ಕಂಪ್ಯೂಟರಿನ ಹತ್ತಿರಕ್ಕೇ ಬಿಡಲಿಲ್ಲ. ಒಂದು ಪೆನ್ಸಿಲ್, ಗೀಟು ಹಾಕದ ಒಂದು ದಪ್ಪ ಪುಸ್ತಕ ಕೊಟ್ಟು ಕಿಟಕಿಯ ಬಳಿ ಕೂರಿಸಿದರು.

“ಮೌಸ್ ಆಮೇಲೆ ಕಣೆ. ಮೊದ್ಲು ಪೆನ್ಸಿಲ್ ಹಿಡಿ.”

ಕಿಟಕಿಯಿಂದ ಬಸ್‌ಸ್ಟ್ಯಾಂಡು ಪೂರಾ ಕಾಣುತ್ತಿತ್ತು. ಕೆ.ಆರ್. ನಗರದ ಬಸ್ಸಿಗೆ ಹೆಂಗಸೊಬ್ಬಳು ಮೂಟೆ ಏರಿಸುತ್ತಿದ್ದಳು. ಅಕ್ಕ ನನ್ನ ಹಿಂದೆ ಬಂದು ನಿಂತರು.

“ನೋಡು, ಅವ್ಳು ಕೈಲಿ ಎತ್ತತಾವ್ಳಾ, ಸೊಂಟದಲ್ಲಾ?”

ನೋಡಿದೆ. ಮೊದಲು ಸೊಂಟ ಕೆಳಗಿಳಿಯಿತು, ಆಮೇಲೆ ಮಂಡಿ ತಿರುಗಿತು, ಕೊನೆಗೆ ಕೈ ಮೇಲೆದ್ದಿತು.

“ಸೊಂಟದಲ್ಲಿ ಅಕ್ಕ.”

“ಗೊತ್ತಾಯ್ತಲ್ಲ. ನೀನು ಮಾಡೋ ಗೊಂಬೆಗೂ ಅಂಗೇ ಭಾರ ಕೊಡ್ಬೇಕು. ಇಲ್ದಿದ್ರೆ ಜನ ನೋಡಿದ್ ತಕ್ಷಣ ಗೊಂಬೆ ಅಂತಾರೆ.”

ಆರು ತಿಂಗಳು ಬರೀ ಪೆನ್ಸಿಲ್. ಕಂಡಕ್ಟರ್ ಟಿಕೆಟ್ ಹರಿಯುವ ಬೆರಳು, ನಿದ್ದೆಗೆ ಜೋಲುವ ತಲೆ, ಹೂ ಕಟ್ಟುವವಳ ಮೊಣಕೈ. ಆಮೇಲೆ ಕಂಪ್ಯೂಟರು. ಪುಕ್ಕಟೆ ಸಿಗುವ ಸಾಫ್ಟ್‌ವೇರನ್ನೇ ಹಾಕಿಕೊಟ್ಟು ಒಂದು ಚೆಂಡು ಪುಟಿಸಲು ಹೇಳಿದರು. ಮೂರು ವಾರ ಚೆಂಡನ್ನೇ ಪುಟಿಸಿದೆ. ಒಂದು ಮಧ್ಯಾಹ್ನ ಮದುವೆ ಕಾರ್ಡಿಗೆ ಅಕ್ಷರ ಜೋಡಿಸುತ್ತಿದ್ದವರು ಕತ್ತೆತ್ತಿ ನೋಡಿ, “ಈಗ ಅದು ರಬ್ಬರ್ ಚೆಂಡು. ನಿನ್ನೆವರೆಗೂ ಬರೀ ದುಂಡಗಿತ್ತು” ಎಂದರು. ಅವತ್ತು ಮನೆಗೆ ಹೋಗುವ ಬಸ್ಸಿನಲ್ಲಿ ನಾನು ಸುಮ್ಮಸುಮ್ಮನೆ ನಗುತ್ತಿದ್ದೆ.

ಅವರ ಊರು ಎಚ್.ಡಿ. ಕೋಟೆ ಕಡೆಯ ಬೀಚನಹಳ್ಳಿ. ತಂದೆ ಅಣೆಕಟ್ಟಿನ ಕಚೇರಿಯಲ್ಲಿದ್ದರು. ಅಕ್ಕ ಮೈಸೂರಿನಲ್ಲಿ ಚಿತ್ರಕಲೆ ಓದಿದ್ದರು. ಓದು ಮುಗಿದಾಗ ಕಾರ್ಟೂನು ಮಾಡುವ ಒಂದು ಸ್ಟುಡಿಯೋದಿಂದ ಕರೆ ಬಂದಿತ್ತಂತೆ, ಅದೇ ವಾರ ಮದುವೆ ಗೊತ್ತಾಯಿತಂತೆ. ಇದನ್ನು ಒಂದೇ ಒಂದು ಸಲ, ಕಾರ್ಡುಗಳ ಅಂಚು ಕತ್ತರಿಸುತ್ತಾ ಹೇಳಿದ್ದರು. “ಆಗ ಓಗಿದ್ರೆ...” ಎಂದವರು ಮುಂದಿನ ಕಟ್ಟನ್ನು ಎಳೆದುಕೊಂಡರು.

ಎರಡನೇ ವರ್ಷ ಅವರೇ ಹೇಳಿದರು. “ಸ್ಟುಡಿಯೋದವ್ರು ಮಾರ್ಕ್ಸ್ ಕಾರ್ಡ್ ಕೇಳಲ್ಲ ಕಣೆ. ಒಂದ್ ನಿಮಿಷದ ಕೆಲ್ಸ ತೋರ್ಸು ಅಂತಾರೆ. ಅಲ್ಲಿ ಇಲ್ಲಿ ನೋಡಿ ಮಾಡಿದ್ದು ಆಗಲ್ಲ. ನಿಮ್ಮನೇದೇ ಏನಾರ ಮಾಡು.”

ನಮ್ಮ ಮನೆಯದು ಎಂದರೆ ಹೊಗೆಸೊಪ್ಪು. ಹೊಲದಿಂದ ಬಂದ ಹಸಿರೆಲೆಯನ್ನು ಉದ್ದನೆಯ ಕೋಲಿಗೆ ಕಟ್ಟಿ, ಬ್ಯಾರನ್ ಎನ್ನುವ ಎತ್ತರದ ಒಲೆಮನೆಯೊಳಗೆ ಸಾಲುಸಾಲಾಗಿ ಏರಿಸಿ, ಬೆಂಕಿ ಹಾಕಿ ಬೇಯಿಸುತ್ತಿದ್ದೆವು. ಎಲೆ ಕಟ್ಟುವುದರಲ್ಲಿ ನಮ್ಮ ಅಜ್ಜಿಯನ್ನು ಮೀರಿಸುವವರಿರಲಿಲ್ಲ. ಅವಳ ಬಲಗೈಯ ಎರಡು ಬೆರಳು ಯಾವುದೋ ಕಾಲದಲ್ಲಿ ಮುರಿದು ಮಡಚಿಕೊಂಡೇ ಇದ್ದವು. ಹಾಗಾಗಿ ದಾರ ಸುತ್ತುವುದೆಲ್ಲ ಎಡಗೈಯಲ್ಲಿ. ಆ ಕೈಯನ್ನು ನಾನು ಎರಡು ಪುಸ್ತಕ ತುಂಬ ಬರೆದೆ. ಅದನ್ನೇ ಕಂಪ್ಯೂಟರಿನಲ್ಲಿ ಕಟ್ಟಿದೆ. ಒಬ್ಬ ಮುದುಕಿ ಬ್ಯಾರನ್ನಿನ ಬಾಗಿಲಲ್ಲಿ ಕೂತು ಎಲೆ ಕಟ್ಟುತ್ತಾಳೆ, ಕೊನೆಯ ಎಲೆಯನ್ನು ಬೆಳಕಿಗೆ ಹಿಡಿದು ನೋಡುತ್ತಾಳೆ, ಅಷ್ಟೇ. ಒಂದು ನಿಮಿಷ ಎಂಟು ಸೆಕೆಂಡು. ಏಳು ತಿಂಗಳು ಹಿಡಿಯಿತು. ಅಂಗಡಿಯ ಕಂಪ್ಯೂಟರು ನಿಧಾನದ್ದು. ಚಿತ್ರಗಳನ್ನು ಒಂದೊಂದಾಗಿ ತಯಾರಿಸಲು ಭಾನುವಾರವೆಲ್ಲ ಅದನ್ನು ಓಡಲು ಬಿಟ್ಟರೂ ಮೂರು ಸೆಕೆಂಡಿನ ಕೆಲಸ ಮುಗಿಯುತ್ತಿರಲಿಲ್ಲ. ಅಕ್ಕ ರಜೆಯ ದಿನವೂ ಬಂದು ಬಾಗಿಲು ತೆಗೆದುಕೊಡುತ್ತಿದ್ದರು.

ಪೂರ್ತಿಯಾದ ದಿನ ಇಬ್ಬರೂ ಕೂತು ನೋಡಿದೆವು. ಅವರು ಇನ್ನೊಮ್ಮೆ ಹಾಕು ಎಂದರು. ಮತ್ತೆ ಇನ್ನೊಮ್ಮೆ. ಕಣ್ಣು ಒರೆಸಿಕೊಂಡರು. ನನ್ನ ಕೆಲಸ ನೋಡಿ ಒಬ್ಬರು ಅತ್ತರಲ್ಲ ಎಂದು ನಾನು ಹಿಗ್ಗಿಹೋದೆ...

ಮಾರನೇ ವಾರ ಅವರು ಅಂಗಡಿ ಮುಚ್ಚುತ್ತೇನೆ ಎಂದರು. ಗಂಡನಿಗೆ ಮೈಸೂರಿನಲ್ಲಿ ಕೆಲಸ ಸಿಕ್ಕಿದೆ, ಸಂಸಾರ ಅಲ್ಲಿಗೇ ಸಾಗಿಸಬೇಕು. ಸಿದ್ಧವಾದ ಚಿತ್ರವನ್ನು ಒಂದು ಪೆನ್‌ಡ್ರೈವಿಗೆ ಹಾಕಿಕೊಟ್ಟರು. ಅದನ್ನು ಮಾಡಿದ ಮೂಲ ಫೈಲುಗಳು ತುಂಬಾ ದೊಡ್ಡವು, ಮೈಸೂರಿಗೆ ಹೋಗಿ ಸೇರಿದ ಮೇಲೆ ಕಳಿಸುತ್ತೇನೆ ಎಂದರು. ನನ್ನ ಎರಡು ಪುಸ್ತಕಗಳನ್ನೂ ನೆನಪಿಗೆ ಇರಲಿ ಎಂದು ಕೇಳಿ ತೆಗೆದುಕೊಂಡರು. ನಾನು ಸಂತೋಷದಿಂದ ಕೊಟ್ಟೆ.

ನಾಲ್ಕು ತಿಂಗಳ ಮೇಲೆ ಮೈಸೂರಿನ ಒಂದು ಸ್ಟುಡಿಯೋ ಹೊಸಬರನ್ನು ತೆಗೆದುಕೊಳ್ಳುತ್ತಿದೆ ಎಂದು ಪೇಪರಿನಲ್ಲಿ ಓದಿದೆ. ಅಪ್ಪ ಮದುವೆ ಮನೆಗೆ ಹೋಗುವ ಬಿಳಿ ಶರ್ಟು ಹಾಕಿಕೊಂಡು ಜೊತೆಗೆ ಬಂದರು. ಅವರನ್ನು ಹೊರಗಿನ ಬೆಂಚಿನಲ್ಲಿ ಕೂರಿಸಿ ನಾನು ಒಳಗೆ ಹೋದೆ. ಎದುರಿಗೆ ಕೂತಿದ್ದ ವ್ಯಕ್ತಿ ಪೆನ್‌ಡ್ರೈವ್ ಹಾಕಿ ಹತ್ತು ಸೆಕೆಂಡು ನೋಡಿ ನಿಲ್ಲಿಸಿದರು. ಮುಖ ಗಂಟಾಯಿತು.

“ಏನಮ್ಮಾ, ನಮ್ಮಲ್ಲಿ ಒಬ್ಬರು ಕೆಲಸಕ್ಕೆ ಸೇರೋವಾಗ ತೋರಿಸಿದ್ದನ್ನೇ ತಂದು ನಮಗೇ ತೋರಿಸ್ತಿದ್ದೀಯಲ್ಲ?”

ನನಗೆ ಅರ್ಥವಾಗಲಿಲ್ಲ. ಇದು ನಂದೇ ಸಾರ್ ಎಂದೆ. ಅದು ನಮ್ಮ ಅಜ್ಜಿ ಸಾರ್ ಎಂದೆ. ಅವರು ಫೋನೆತ್ತಿ ಯಾರನ್ನೋ ಕರೆದರು. ಬಾಗಿಲು ತೆರೆದು ಒಳಗೆ ಬಂದವರು ಅಕ್ಕ.

ಅವರು ತೊಟ್ಟಿದ್ದ ನೀಲಿ ಚೂಡಿದಾರ, ಕೊರಳಲ್ಲಿದ್ದ ಸ್ಟುಡಿಯೋದ ಗುರುತಿನ ಚೀಟಿ, ಅದರ ಮೇಲೆ ಅವರ ಹೆಸರು... ಎಲ್ಲ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಆ ಕ್ಷಣದಲ್ಲೂ ನಾನು ಅಂದುಕೊಂಡದ್ದು, ಅಕ್ಕ ಬಂದರಲ್ಲ, ಇನ್ನು ಎಲ್ಲ ಸರಿಹೋಗುತ್ತದೆ ಎಂದು. ಅವರು ನನ್ನನ್ನು ನೋಡಿದರು. ಕಂಪ್ಯೂಟರಿನ ಮೇಲೆ ನಿಂತಿದ್ದ ಚಿತ್ರವನ್ನು ನೋಡಿದರು. ಆಮೇಲೆ ಆ ವ್ಯಕ್ತಿಯ ಕಡೆ ತಿರುಗಿ, ತುಂಬಾ ಮೆತ್ತಗೆ ಹೇಳಿದರು.

“ನಮ್ಮ ಅಂಗಡೀಲಿ ಕಲಿಯೋಕೆ ಬರ್ತಿದ್ಲು ಸಾರ್. ಬಣ್ಣ ತುಂಬೋದ್ರಲ್ಲಿ ಸಹಾಯ ಮಾಡಿದ್ಲು. ಚಿಕ್ಕ ಹುಡುಗಿ, ಗೊತ್ತಾಗಿಲ್ಲ. ಬೈಬೇಡಿ, ಬಿಟ್ಬಿಡಿ ಸಾರ್.”

ನನ್ನ ಪರವಾಗಿ ಕ್ಷಮೆ ಕೇಳಿದರು. ನಾನು ಮಾಡದ ಕಳ್ಳತನಕ್ಕೆ ಕ್ಷಮೆ ಕೊಡಿಸಿದರು. ಬೈದಿದ್ದರೆ, ಇವಳು ಯಾರೋ ಗೊತ್ತಿಲ್ಲ ಎಂದಿದ್ದರೆ ನಾನು ಕೂಗಾಡುತ್ತಿದ್ದೆನೇನೋ. ಆ ಮೆತ್ತನೆಯ ದನಿಯ ಎದುರು ಕೂಗಾಡುವುದು ಹೇಗೆ? ಮೂಲ ಫೈಲುಗಳು ಇದ್ದದ್ದು ಅವರ ಹತ್ತಿರ. ಪುಸ್ತಕಗಳು ಇದ್ದದ್ದೂ ಅವರ ಹತ್ತಿರ. ನನ್ನ ಹತ್ತಿರ ಏನಿತ್ತು? ಪೆನ್‌ಡ್ರೈವ್ ತೆಗೆದುಕೊಂಡು ಎದ್ದೆ.

ಅಕ್ಕನೂ ನನ್ನ ಹಿಂದೆಯೇ ಹೊರಗೆ ಬಂದರು. ಬೆಂಚಿನ ಮೇಲಿದ್ದ ಅಪ್ಪ ಅವರ ಗುರುತು ಹಿಡಿದು ದಡಕ್ಕನೆ ಎದ್ದು ಕೈಮುಗಿದರು. ಮುಖ ಅರಳಿಹೋಗಿತ್ತು.

“ಅಕ್ಕೋರೇ, ನೀವು ಇಲ್ಲೇ ಇದ್ದೀರಾ? ಅಂಗಾರೆ ನಮ್ ಉಡ್ಗೀಗೆ ಭಯ ಇಲ್ಲ ಬುಡಿ.”

ಅಕ್ಕ ಕೈಮುಗಿದಂತೆ ಮಾಡಿ, ತಲೆ ತಗ್ಗಿಸಿ ಒಳಗೆ ಹೋಗಿಬಿಟ್ಟರು.

ಬಸ್ಸಿನಲ್ಲಿ ಅಪ್ಪ ಕೇಳಿದರು. “ಏನಂದ್ರವ್ವಾ?”

“ಇನ್ನೂ ಕಲೀಬೇಕಂತೆ ಅಪ್ಪ.”

“ಕಲ್ತ್ರಾಯ್ತು ಬುಡು. ಅಕ್ಕೋರು ಅಲ್ಲೇ ಅವ್ರಲ್ಲ.”

ಅಪ್ಪನಿಗೆ ನಿಜ ಹೇಳಲು ನನಗೆ ಒಂದು ವರ್ಷ ಬೇಕಾಯಿತು. ಅಷ್ಟರಲ್ಲಿ ಅಜ್ಜಿ ತೀರಿಕೊಂಡಿದ್ದಳು. ಅವಳ ಕೈ ಆಡುವುದನ್ನು ನೋಡಬೇಕೆಂದರೆ ನನಗೆ ಉಳಿದಿದ್ದದ್ದು ಆ ಒಂದು ನಿಮಿಷದ ಚಿತ್ರ. ಅದನ್ನು ನಾನು ಯಾರಿಗೂ ತೋರಿಸುವಂತಿರಲಿಲ್ಲ. ತೋರಿಸಿದರೆ ನಾನೇ ಕಳ್ಳಿ.

ಸ್ಟುಡಿಯೋದಿಂದ ಬಂದ ಮೇಲೆ ಆರು ತಿಂಗಳು ಪೆನ್ಸಿಲ್ ಮುಟ್ಟಲಿಲ್ಲ. ಹುಣಸೂರಿನ ಇನ್ನೊಂದು ಪ್ರಿಂಟಿಂಗ್ ಅಂಗಡಿಯಲ್ಲಿ ಅಕ್ಷರ ಜೋಡಿಸುವ ಕೆಲಸಕ್ಕೆ ಸೇರಿದೆ. ಒಂದು ದಿನ ಊಟದ ಬಿಡುವಿನಲ್ಲಿ ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತಿದ್ದಾಗ ಹೆಂಗಸೊಬ್ಬಳು ತರಕಾರಿ ಚೀಲ ಎತ್ತಿದಳು. ಸೊಂಟ ಕೆಳಗಿಳಿಯಿತು, ಮಂಡಿ ತಿರುಗಿತು. ನನಗೆ ತಿಳಿಯದೆಯೇ ಕೈ ಪೆನ್ಸಿಲ್ ಹುಡುಕಿತು. ಬೇಡವೆಂದರೂ ನನ್ನ ಕಣ್ಣು ಅಕ್ಕ ಕಲಿಸಿದ ಹಾಗೆಯೇ ನೋಡುತ್ತಿತ್ತು. ಅದಕ್ಕೆ ಎಷ್ಟು ಸಿಟ್ಟು ಬಂತೆಂದರೆ ಆ ಹಾಳೆಯನ್ನು ಹರಿದು ಹಾಕಿದೆ. ಮಾರನೇ ದಿನ ಮತ್ತೆ ಬರೆದೆ.

ಆ ಹೆಂಗಸನ್ನೇ ಇಟ್ಟುಕೊಂಡು ಎರಡನೇ ಚಿತ್ರ ಮಾಡಿದೆ. ಈ ಸಲ ಪ್ರತಿದಿನದ ಕೆಲಸವನ್ನೂ ತಾರೀಖು ಹಾಕಿ ಬೇರೆ ಬೇರೆ ಉಳಿಸಿದೆ, ನನ್ನದೇ ಮೇಲ್‌ಗೆ ಕಳಿಸಿಕೊಂಡೆ, ಪುಸ್ತಕವನ್ನು ಯಾರ ಕೈಗೂ ಕೊಡಲಿಲ್ಲ. ಅದನ್ನು ನೋಡಿ ಮೈಸೂರಿನ ಬೇರೊಂದು ಸಣ್ಣ ಸ್ಟುಡಿಯೋದವರು ಕೆಲಸ ಕೊಟ್ಟರು. ಎರಡು ವರ್ಷ, ಹಿನ್ನೆಲೆ ಬದಲಿಸಲೆಂದು ಸಿನಿಮಾದ ಚಿತ್ರಗಳಿಂದ ನಟರ ಅಂಚನ್ನು ಬಿಡಿಸಿ ತೆಗೆಯುವ ಕೆಲಸ, ಆಮೇಲೆ ಗೊಂಬೆಗಳಿಗೆ ನಡಿಗೆ ಕೊಡುವ ಕೆಲಸ. ಕೊನೆಗೊಂದು ಸಿನಿಮಾದಲ್ಲಿ, ಜನ ಎದ್ದು ಹೋಗುತ್ತಿರುವಾಗ ಓಡುವ ಹೆಸರುಗಳ ನಡುವೆ ನನ್ನ ಹೆಸರೂ ಬಂತು.

ಅದಾಗಿ ಒಂದು ವಾರಕ್ಕೆ ಗೊತ್ತಿಲ್ಲದ ನಂಬರಿನಿಂದ ಫೋನು.

“ನಿನ್ನ ಹೆಸ್ರು ನೋಡ್ದೆ ಕಣೆ. ಕೊನೇವರೆಗೂ ಕೂತಿದ್ದು ನೋಡ್ದೆ.”

ದನಿ ಕೇಳಿದ ಕೂಡಲೇ ಗೊತ್ತಾಯಿತು. ಏನು ಹೇಳಬೇಕೆಂದು ವರ್ಷಗಟ್ಟಲೆ ಮನಸ್ಸಿನಲ್ಲೇ ಜೋಡಿಸಿಟ್ಟಿದ್ದೆ.

“ಯಾರು ಮಾತಾಡ್ತಿರೋದು?” ಎಂದೆ.

ನಾನು ಬೇಕೆಂದೇ ಕೇಳಿದೆ ಎಂದು ಅವರಿಗೂ ತಿಳಿಯಿತು.

“ರಾಂಗ್ ನಂಬರ್ ಇರ್ಬೇಕು” ಎಂದು ಅವರೇ ಫೋನಿಟ್ಟರು.

ಎರಡು ವರ್ಷ ಬಿಟ್ಟು ನಾನೇ ಆ ನಂಬರಿಗೆ ಮಾಡಿದೆ. ಬೈಯಲೋ, ಯಾಕೆ ಹಾಗೆ ಮಾಡಿದಿರಿ ಎಂದು ಕೇಳಲೋ, ಅಥವಾ ಸುಮ್ಮನೆ ಅಕ್ಕ ಎನ್ನಲೋ... ನನಗೇ ಗೊತ್ತಿರಲಿಲ್ಲ. ಯಾರೋ ಗಂಡಸು ಎತ್ತಿ, ಈ ನಂಬರು ಈಗ ನನ್ನದು ಎಂದ. ಆ ಸ್ಟುಡಿಯೋದಲ್ಲಿ ವಿಚಾರಿಸಿದರೆ, ಅಕ್ಕ ಅಲ್ಲಿ ಬಿಟ್ಟು ಎಷ್ಟೋ ಕಾಲವಾಯಿತಂತೆ. ಎಲ್ಲಿದ್ದಾರೆಂದು ಯಾರಿಗೂ ಗೊತ್ತಿಲ್ಲ. ಬದುಕಿದ್ದಾರೋ ಇಲ್ಲವೋ, ಅದೂ ನನಗೆ ಗೊತ್ತಿಲ್ಲ. ಅವರಿಂದ ಬರಬೇಕಾಗಿದ್ದ ಉತ್ತರ ಇನ್ನು ಬರುವುದಿಲ್ಲ ಎಂಬುದಷ್ಟೇ ಗೊತ್ತು.

ಪಿರಿಯಾಪಟ್ಟಣದ ಕಾಲೇಜಿನಲ್ಲಿ ಆ ದಿನ ನಾನು ಮಕ್ಕಳಿಗೆ ಹೇಳಿದ್ದೆಲ್ಲ ಅಕ್ಕನ ಮಾತುಗಳೇ. ಮೌಸ್ ಆಮೇಲೆ, ಮೊದಲು ಪೆನ್ಸಿಲ್ ಹಿಡಿಯಿರಿ. ಸಾವಿರಾರು ರೂಪಾಯಿಯ ಕೋರ್ಸಿಗೆ ಓಡುವ ಮೊದಲು ಪುಕ್ಕಟೆ ಸಿಗುವುದರಲ್ಲಿ ಒಂದು ಚೆಂಡು ಪುಟಿಸಿ ನೋಡಿ. ಒಂದೇ ನಿಮಿಷದ ಕೆಲಸ ಮಾಡಿ, ಅದು ನಿಮ್ಮ ಮನೆಯದಾಗಿರಲಿ. ಒಬ್ಬ ಹುಡುಗ ಎದ್ದು, ನಿಮಗೆ ಯಾರು ಕಲಿಸಿದ್ದು ಮೇಡಂ ಎಂದು ಕೇಳಿದ. ಎಲ್ಲ ಕಡೆಯೂ ಕೇಳುವ ಪ್ರಶ್ನೆ. ಎಲ್ಲ ಕಡೆಯೂ ಹೇಳುವ ಉತ್ತರವನ್ನೇ ಹೇಳಿದೆ. ನಾನೇ ಕಲಿತೆ ಎಂದೆ. ಮಕ್ಕಳು ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆ ಮುಗಿಯುವವರೆಗೂ ನನಗೆ ಕತ್ತೆತ್ತಲು ಆಗಲಿಲ್ಲ.

ಹೊರಡುವಾಗ ಹಾರನಹಳ್ಳಿಯ ಒಬ್ಬಳು ಹುಡುಗಿ ಹಿಂದೆಯೇ ಓಡಿಬಂದಳು. ಮೊಬೈಲಿನಲ್ಲೇ ಬೆರಳಿನಿಂದ ಬರೆದು ಮಾಡಿದ ಸಣ್ಣದೊಂದು ಚಿತ್ರ ತೋರಿಸಿದಳು. ಒಂದು ಎಮ್ಮೆ ಕೆರೆಯಿಂದ ಮೇಲೆದ್ದು ಬರುತ್ತದೆ. ಹಿಂದಿನ ಕಾಲು ಕೆಸರಿನಲ್ಲಿ ಜಾರಿ, ಇಡೀ ಮೈಯ ಭಾರ ಒಮ್ಮೆ ಹಿಂದಕ್ಕೆ ಹೋಗಿ, ಆಮೇಲೆ ಮುಂದಕ್ಕೆ ಬರುತ್ತದೆ. ಇದನ್ನು ಯಾರೂ ಕಲಿಸಿರಲಿಲ್ಲ. ಅವಳೇ ಕೆರೆಯ ಏರಿಯ ಮೇಲೆ ಕೂತು ನೋಡಿದ್ದಳು. ನಾನು ಇನ್ನೊಮ್ಮೆ ಹಾಕು ಎಂದೆ.

“ನಿಮ್ಗೆ ಕಳಿಸ್ಲಾ ಮೇಡಂ? ನೋಡಿ, ಏನ್ ತಪ್ಪೈತೆ ಅಂತ ಹೇಳಿ.”

“ಮೊದಲು ಅದರ ಮೇಲೆ ನಿನ್ನ ಹೆಸರು ಹಾಕು. ಆಮೇಲೆ ಕಳಿಸು.”

ಅವಳು ನಕ್ಕಳು. “ಅಯ್ಯೋ, ನಿಮ್ನ ನಂಬ್ದೆ ಇರ್ತೀನಾ ಮೇಡಂ?”

ಅಷ್ಟು ಹೇಳಿ, ನಾನು ಬೇಡ ಎನ್ನುವಷ್ಟರಲ್ಲಿ, ಹೆಸರಿಲ್ಲದ ಆ ಚಿತ್ರವನ್ನು ನನ್ನ ಫೋನಿಗೆ ಕಳಿಸಿಬಿಟ್ಟಳು.